ದೀರ್ಘಕಾಲದ ಕಿವಿಮೊರೆತಕ್ಕೆ ಮನೋಚಿಕಿತ್ಸೆಗಳು

ಹೊರಗೆ ಎಲ್ಲೂ ಸದ್ದಿಲ್ಲದಿದ್ದರೂ ಕಿವಿಯಲ್ಲೋ ತಲೆಯೊಳಗೋ ಸದ್ದು ಕೇಳಿಸುತ್ತಿರುವುದನ್ನು ಕಿವಿಮೊರೆತ ಎನ್ನುತ್ತಾರೆ. ಆಸ್ಪತ್ರೆಗಳಲ್ಲಿ ಟಿನ್ನಿಟಸ್ ಎಂಬ ಹೆಸರು ಬಳಕೆಯಲ್ಲಿದೆ. ಸುಶ್ರುತಸಂಹಿತೆಯ ಉತ್ತರತಂತ್ರ ಎಣಿಸುವ 28 ಕರ್ಣರೋಗಗಳಲ್ಲಿ ಕರ್ಣನಾದವೂ ಸೇರಿದೆ. ಸೀಟಿ, ಗುಂಯ್‌ಗುಡುವಿಕೆ, ಹಬೆ ಹೊರಬೀಳುವ ಸುಯ್ ಸದ್ದು, ಜೀರುಂಡೆಯ ದನಿ ಎಂದು ಜನ ಅದನ್ನು ಬಗೆಬಗೆಯಾಗಿ ವರ್ಣಿಸುತ್ತಾರೆ. ಮೂರರಿಂದ ಆರು ತಿಂಗಳು ಕಳೆದರೂ ಹೋಗದೆ ಉಳಿದರೆ ಅದನ್ನು ದೀರ್ಘಕಾಲದ್ದು ಎಂದು ಪರಿಗಣಿಸುವುದು ರೂಢಿ. ಜಗತ್ತಿನ ಬೇರೆಬೇರೆ ಕಡೆಯ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ವಯಸ್ಕರಲ್ಲಿ ಸುಮಾರು ಶೇ. 14 ಜನರಿಗೆ ಒಂದಲ್ಲ ಒಂದು ಬಗೆಯ ಕಿವಿಮೊರೆತವಿದೆ. ಬದುಕನ್ನೇ ಕೆಡಿಸುವಷ್ಟು ತೀವ್ರವಾದದ್ದು ಇರುವುದು ಶೇ. 2 ಜನರಿಗೆ.

ಈ ಲೇಖನದ ಕಾಳಜಿ ಇರುವುದು 14ಕ್ಕೂ 2ಕ್ಕೂ ನಡುವಿನ ಅಂತರದಲ್ಲಿ. ಒಂದೇ ಬಗೆಯ ಸದ್ದು ಕೇಳುವ ಇಬ್ಬರಲ್ಲಿ ಒಬ್ಬರು ಅದನ್ನು ಮರೆತು ದಿನ ಕಳೆಯುತ್ತಾರೆ, ಇನ್ನೊಬ್ಬರು ನಿದ್ದೆ, ಕೆಲಸ, ನಗು ಎಲ್ಲವನ್ನೂ ಕಳೆದುಕೊಳ್ಳುತ್ತಾರೆ. ಸದ್ದಿನ ಜೋರಿನಿಂದಲೇ ಈ ವ್ಯತ್ಯಾಸ ಎಂದು ಊಹಿಸುವುದು ಸಹಜ. ಆದರೆ ಶ್ರವಣ ಪರೀಕ್ಷೆಯ ಕೋಣೆಯಲ್ಲಿ ಹೊರಗಿನ ಸದ್ದೊಂದನ್ನು ಮೊರೆತಕ್ಕೆ ಸರಿಹೊಂದಿಸಿ ಅಳೆದರೆ, ಬಹುಪಾಲು ಜನರ ಮೊರೆತ ಆ ಸ್ವರ ಅವರಿಗೆ ಕೇಳಿಸತೊಡಗುವ ಮಟ್ಟಕ್ಕಿಂತ ಕೆಲವೇ ಡೆಸಿಬೆಲ್ ಮೇಲಿರುತ್ತದೆ. ಆ ಅಳತೆಗೂ ಅವರು ಪಡುವ ಸಂಕಟಕ್ಕೂ ನಂಟು ಬಹಳ ಸಡಿಲ. ಕಿವಿಯ ತೊಂದರೆಗೆ ಮನಶ್ಶಾಸ್ತ್ರಜ್ಞರು ಬಂದದ್ದು ಈ ಒಗಟಿನ ಮೂಲಕ.

ಮೊದಲೇ ಒಂದು ಮಾತು ಹೇಳಬೇಕು. ಮನೋಚಿಕಿತ್ಸೆಗೆ ಹೋಗಿ ಎಂದಾಗ ರೋಗಿಗೆ ಕೇಳಿಸುವುದು ‘ಇದೆಲ್ಲ ನಿಮ್ಮ ಮನಸ್ಸಿನ ಭ್ರಮೆ’ ಎಂದು. ಹಾಗೆ ಯಾರಾದರೂ ಹೇಳಿದ್ದರೆ ಅದು ತಪ್ಪು. ಮೊರೆತ ನಿಜವಾದ ಅನುಭವ, ಅದರ ಹಿಂದೆ ನರಮಂಡಲದ ಚಟುವಟಿಕೆ ಇದೆ. ಚಿಕಿತ್ಸೆ ಗುರಿಯಿಡುವುದು ಆ ಸದ್ದಿನ ಸುತ್ತ ಬೆಳೆದ ಭಯ, ಎಚ್ಚರ, ನಿದ್ರಾಹೀನತೆಗಳ ಮೇಲೆ. ಸದ್ದನ್ನು ಅಳಿಸಿಬಿಡುವ ಮನೋಚಿಕಿತ್ಸೆ ಇಂದಿಗೂ ಇಲ್ಲ. ಅಳಿಸುತ್ತೇವೆ ಎಂದು ಜಾಹೀರಾತು ಕೊಡುವವರನ್ನು ನಂಬಬಾರದು.

ಸದ್ದಿನ ಮೂಲ, ಸಂಕಟದ ಮೂಲ

ಬಹಳಷ್ಟು ಪ್ರಕರಣಗಳು ಶುರುವಾಗುವುದು ಒಳಕಿವಿಯ ಕಾಕ್ಲಿಯದಲ್ಲಿ. ಯಂತ್ರಗಳ ಗದ್ದಲ, ಸಿಡಿಮದ್ದು, ವಯಸ್ಸು, ಕೆಲವು ಔಷಧಿಗಳು ಅಲ್ಲಿನ ಸೂಕ್ಷ್ಮ ಕೂದಲುಕೋಶಗಳನ್ನು ಹಾಳುಮಾಡುತ್ತವೆ. ಕಿವಿಯಿಂದ ಬರುವ ಸಂಕೇತ ಕಡಿಮೆಯಾದಾಗ ಮೆದುಳಿನ ಶ್ರವಣ ಕೇಂದ್ರಗಳು ತಮ್ಮ ಸಂವೇದನೆಯನ್ನು ಹೆಚ್ಚಿಸಿಕೊಳ್ಳುತ್ತವೆ, ಆ ಹೆಚ್ಚಳವೇ ಸದ್ದಾಗಿ ಕೇಳಿಸುತ್ತದೆ ಎಂಬುದು ಇಂದು ಹೆಚ್ಚು ಒಪ್ಪಿಗೆ ಪಡೆದ ವಿವರಣೆ. ಆರೋಗ್ಯವಂತ ಕಿವಿಗೂ ಈ ಗುಣವಿದೆ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಅಮೆರಿಕನ್ ಸಂಶೋಧಕರು ಕಿವಿಯ ದೂರಿಲ್ಲದ 80 ಜನರನ್ನು ಸದ್ದು ಹೊಗದ ಕೋಣೆಯಲ್ಲಿ ಕೂರಿಸಿದರು. ಕೆಲವೇ ನಿಮಿಷಗಳಲ್ಲಿ ಅವರಲ್ಲಿ ಶೇ. 94 ಜನ ಏನೋ ಸದ್ದು ಕೇಳುತ್ತಿದೆ ಎಂದರು.

ಹಾಗಾದರೆ ಹೆಚ್ಚಿನವರು ಅದನ್ನು ಗಮನಿಸದೆ ಇರುವುದು ಹೇಗೆ? ಲಂಡನ್ನಿನ ಮನಶ್ಶಾಸ್ತ್ರಜ್ಞ ರಿಚರ್ಡ್ ಹ್ಯಾಲಮ್ ಮತ್ತು ಸಂಗಡಿಗರು 1984ರಲ್ಲಿ ಕೊಟ್ಟ ಉತ್ತರ, ಒಗ್ಗಿಕೊಳ್ಳುವಿಕೆ. ಅಕ್ಕಿ ಗಿರಣಿಯ ಪಕ್ಕದ ಮನೆಯವರಿಗೆ ಗಿರಣಿಯ ಸದ್ದು ಕೆಲವು ವಾರಗಳಲ್ಲಿ ಕೇಳದಂತಾಗುತ್ತದೆ; ಕಿವಿಗೆ ಬೀಳುತ್ತಲೇ ಇದ್ದರೂ ಮೆದುಳು ಅದಕ್ಕೆ ಬೆಲೆ ಕೊಡುವುದನ್ನು ನಿಲ್ಲಿಸುತ್ತದೆ. ಮೊರೆತಕ್ಕೂ ಮೆದುಳು ಹೀಗೆ ಒಗ್ಗಬೇಕು. ಆದರೆ ಅದಕ್ಕೆ ಅಪಾಯದ ಅರ್ಥ ಅಂಟಿಕೊಂಡರೆ ಒಗ್ಗುವಿಕೆ ನಿಂತುಹೋಗುತ್ತದೆ. 1990ರಲ್ಲಿ ಪಾವೆಲ್ ಜಾಸ್ಟ್ರೆಬಾಫ್ ಇದಕ್ಕೆ ನರವೈಜ್ಞಾನಿಕ ಚೌಕಟ್ಟು ಕೊಟ್ಟರು: ಶ್ರವಣದ ಹಾದಿ ಒಂದೇ ಅಲ್ಲದೆ ಭಾವನೆಯನ್ನು ನಡೆಸುವ ಲಿಂಬಿಕ್ ವ್ಯವಸ್ಥೆ ಮತ್ತು ಮೈಯನ್ನು ಎಚ್ಚರದಲ್ಲಿಡುವ ಸ್ವನಿಯಂತ್ರಿತ ನರವ್ಯೂಹ ಸೇರಿಕೊಂಡಾಗ ಮೊರೆತ ರೋಗವಾಗುತ್ತದೆ ಎಂದರು.

ಲಾರೆನ್ಸ್ ಮೆಕೆನ್ನಾ ಮತ್ತು ಜೊತೆಗಾರರು 2014ರಲ್ಲಿ ಮಂಡಿಸಿದ ಮಾದರಿ ಆಲೋಚನೆಯನ್ನು ನಡುವೆ ಇಡುತ್ತದೆ. ಸದ್ದು ಕೇಳಿದ ವ್ಯಕ್ತಿ ‘ಮೆದುಳಲ್ಲಿ ಗಡ್ಡೆಯಾಗಿರಬೇಕು’, ‘ಹೀಗೇ ಆದರೆ ಪೂರ್ತಿ ಕಿವುಡಾಗುತ್ತೇನೆ’, ‘ಇನ್ನು ನನಗೆ ನಿದ್ದೆಯೇ ಇಲ್ಲ’ ಎಂದುಕೊಳ್ಳುತ್ತಾರೆ. ಆ ಯೋಚನೆ ಮೈಯನ್ನು ಬಿಗಿಗೊಳಿಸುತ್ತದೆ. ಬಿಗಿಗೊಂಡ ಮೈ ಸದ್ದಿಗಾಗಿ ಕಿವಿಗೊಡುತ್ತದೆ. ಕಿವಿಗೊಟ್ಟಷ್ಟೂ ಸದ್ದು ಹೆಚ್ಚಿದಂತೆ ಅನಿಸುತ್ತದೆ. ಆಮೇಲೆ ತಪ್ಪಿಸಿಕೊಳ್ಳುವ ಉಪಾಯಗಳು ಬರುತ್ತವೆ: ವಾಲಗದ ಸದ್ದಿಗೆ ಹೆದರಿ ಮದುವೆಮನೆಗೆ ಹೋಗದಿರುವುದು, ಕಿವಿಗೆ ಸದಾ ಹತ್ತಿ ಇಟ್ಟುಕೊಳ್ಳುವುದು, ಮೌನವಿರುವ ಕೋಣೆಯಲ್ಲಿ ಒಂದು ಕ್ಷಣವೂ ನಿಲ್ಲದಿರುವುದು. ತಪ್ಪಿಸಿಕೊಂಡಿದ್ದರಿಂದ ಭಯ ಸುಳ್ಳೆಂದು ತಿಳಿಯುವ ಅವಕಾಶವೇ ಸಿಗುವುದಿಲ್ಲ. ಕೆಳಗೆ ಹೋಲಿಸುವ ಚಿಕಿತ್ಸೆಗಳೆಲ್ಲ ಈ ಸುತ್ತನ್ನು ಬೇರೆಬೇರೆ ಜಾಗದಲ್ಲಿ ಕತ್ತರಿಸಲು ನೋಡುತ್ತವೆ.

ಚಿಕಿತ್ಸೆಗೆ ಮುಂಚೆ

ಒಂದೇ ಕಿವಿಯಲ್ಲಿ ಕೇಳುವ ಮೊರೆತ, ನಾಡಿಯ ಜೊತೆ ಬಡಿಯುವ ಮೊರೆತ, ಹಠಾತ್ತನೆ ಕಿವಿ ಮಂದವಾದದ್ದು, ಜೊತೆಗೆ ತಲೆಸುತ್ತು ಅಥವಾ ಮುಖದ ದೌರ್ಬಲ್ಯ ಇದ್ದರೆ ಮೊದಲು ಕಿವಿ-ಮೂಗು-ಗಂಟಲು ವೈದ್ಯರ ತಪಾಸಣೆ ಆಗಲೇಬೇಕು. ಹಠಾತ್ ಶ್ರವಣನಷ್ಟಕ್ಕೆ ಕಾಯುವಷ್ಟು ಸಮಯವಿಲ್ಲ, ಅದು ತುರ್ತು. ಕೆಲವೊಮ್ಮೆ ಕಾರಣ ಬರೀ ಗುಗ್ಗೆ ಆಗಿರುತ್ತದೆ. ಶ್ರವಣದೋಷ ಇರುವವರಿಗೆ ಶ್ರವಣಸಾಧನವೇ ಎಷ್ಟೋ ಸಮಾಧಾನ ಕೊಡುತ್ತದೆ.

ಔಷಧಿಗಳ ಬಗ್ಗೆ ಮಾರ್ಗಸೂಚಿಗಳ ನಿಲುವು ಸ್ಪಷ್ಟ. ಬ್ರಿಟನ್ನಿನ ನೈಸ್ ಸಂಸ್ಥೆಯ 2020ರ ಮಾರ್ಗಸೂಚಿ ಕೇವಲ ಕಿವಿಮೊರೆತಕ್ಕಾಗಿ ಬೀಟಾಹಿಸ್ಟಿನ್ ಕೊಡಬೇಡಿ ಎನ್ನುತ್ತದೆ. ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿ 2014ರಲ್ಲೇ ಖಿನ್ನತೆ ನಿವಾರಕಗಳನ್ನು ಮೊರೆತಕ್ಕೆಂದು ವಾಡಿಕೆಯಾಗಿ ಬರೆಯಬಾರದು, ಗಿಂಕ್ಗೊ ಬೈಲೋಬವನ್ನು ಶಿಫಾರಸು ಮಾಡಬಾರದು ಎಂದಿತ್ತು. ಅದೇ ಅಕಾಡೆಮಿ, ಬಾಧೆ ಕೊಡುವ ದೀರ್ಘಕಾಲದ ಮೊರೆತಕ್ಕೆ ಅರಿವು-ವರ್ತನಾ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಖಿನ್ನತೆ ಅಥವಾ ಆತಂಕ ಪ್ರತ್ಯೇಕವಾಗಿ ಇದ್ದರೆ ಅದಕ್ಕೆ ಔಷಧಿ ಬೇಕಾಗಬಹುದು, ಆ ಮಾತು ಬೇರೆ.

ಸಂಕಟವನ್ನು ಅಳೆಯುವುದು

ಚಿಕಿತ್ಸೆಗಳನ್ನು ಹೋಲಿಸಲು ಅಳತೆಗೋಲು ಬೇಕು. ಹೆಚ್ಚು ಬಳಕೆಯಲ್ಲಿರುವುದು 1996ರಲ್ಲಿ ನ್ಯೂಮನ್, ಜೇಕಬ್‌ಸನ್, ಸ್ಪಿಟ್ಜರ್ ರೂಪಿಸಿದ ಟಿನ್ನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿ. 25 ಪ್ರಶ್ನೆಗಳು; ಹೌದು ಎಂದರೆ 4 ಅಂಕ, ಕೆಲವೊಮ್ಮೆ ಎಂದರೆ 2, ಇಲ್ಲ ಎಂದರೆ ಸೊನ್ನೆ. ಒಟ್ಟು 100. ಸುಮಾರು 7 ಅಂಕ ಇಳಿದರೆ ರೋಗಿಗೆ ಗೊತ್ತಾಗುವಷ್ಟು ಸುಧಾರಣೆ ಎಂದು ಲೆಕ್ಕ. ಈ ಪ್ರಶ್ನಾವಳಿಯ ಕನ್ನಡ ರೂಪವನ್ನು ಸಿದ್ಧಪಡಿಸಿ, ಪರೀಕ್ಷಿಸಿ 2012ರಲ್ಲಿ ಪ್ರಕಟಿಸಲಾಯಿತು. 2012ರಲ್ಲೇ ಬಂದ ಟಿನ್ನಿಟಸ್ ಫಂಕ್ಷನಲ್ ಇಂಡೆಕ್ಸ್ ಎಂಬ ಮತ್ತೊಂದು ಅಳತೆ ನಿದ್ದೆ, ಏಕಾಗ್ರತೆ, ಆಲಿಸುವಿಕೆ ಮುಂತಾದ ಎಂಟು ಕ್ಷೇತ್ರಗಳನ್ನು ಬಿಡಿಬಿಡಿಯಾಗಿ ನೋಡುತ್ತದೆ, ಹಾಗಾಗಿ ಚಿಕಿತ್ಸೆಯಿಂದಾದ ಬದಲಾವಣೆಯನ್ನು ಹಿಡಿಯಲು ಹೆಚ್ಚು ತಕ್ಕದ್ದು.

ಅರಿವು-ವರ್ತನಾ ಚಿಕಿತ್ಸೆ

ಸಿಬಿಟಿ ಎಂದೇ ಪರಿಚಿತವಾದ ಈ ಚಿಕಿತ್ಸೆಗೆ ಕಿವಿಮೊರೆತದ ಕ್ಷೇತ್ರದಲ್ಲಿ ಅತಿ ಹೆಚ್ಚು ಪುರಾವೆಯಿದೆ. ಸ್ವೀಡನ್ನಿನ ಸಂಶೋಧಕರು 1985ರಷ್ಟು ಹಿಂದೆಯೇ ವಿಶ್ರಾಂತಿ ತರಬೇತಿ ಮತ್ತು ಗಮನ ನಿರ್ವಹಣೆಯನ್ನು ಸೇರಿಸಿ ಮೊರೆತದ ರೋಗಿಗಳ ಮೇಲೆ ನಿಯಂತ್ರಿತ ಪ್ರಯೋಗ ನಡೆಸಿದ್ದರು. ಆಲೋಚನೆಗಳನ್ನು ಪರಿಶೀಲಿಸುವ ಭಾಗ ನಂತರ ಗಟ್ಟಿಯಾಯಿತು.

ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೊಂದರಂತೆ ಆರರಿಂದ ಹನ್ನೆರಡು ಭೇಟಿಗಳಲ್ಲಿ ನಡೆಯುತ್ತದೆ, ಒಬ್ಬೊಬ್ಬರಿಗೆ ಅಥವಾ ಗುಂಪಿನಲ್ಲಿ. ಮೊದಲ ಭೇಟಿಗಳಲ್ಲಿ ಮೊರೆತ ಹೇಗೆ ಹುಟ್ಟುತ್ತದೆ ಎಂಬ ತಿಳಿವಳಿಕೆ. ಇದನ್ನು ಸಣ್ಣದೆಂದು ತಿಳಿಯಬಾರದು. ‘ಇದಕ್ಕೆ ಔಷಧಿ ಇಲ್ಲ, ಸಹಿಸಿಕೊಳ್ಳಿ’ ಎಂಬ ಒಂದೇ ಸಾಲು ಕೇಳಿ ಆಸ್ಪತ್ರೆಯಿಂದ ಹೊರಬಂದವರಿಗೆ ಅರ್ಧ ಗಂಟೆಯ ಸರಿಯಾದ ವಿವರಣೆಯೇ ದೊಡ್ಡ ಆಸರೆ. ಆಮೇಲೆ ದಿನಚರಿ ಬರೆಯುವುದು: ಮೊರೆತ ಕಾಡಿದ್ದು ಯಾವಾಗ, ಆಗ ಮನಸ್ಸಿನಲ್ಲಿ ಓಡಿದ್ದೇನು, ಮಾಡಿದ್ದೇನು. ಆ ಯೋಚನೆಗಳನ್ನು ಚಿಕಿತ್ಸಕರು ರೋಗಿಯ ಜೊತೆ ಕೂತು ಪರಿಶೀಲಿಸುತ್ತಾರೆ. ಸುಳ್ಳು ಧೈರ್ಯ ತುಂಬುವ ಕೆಲಸ ಇಲ್ಲಿಲ್ಲ. ‘ಮೌನವಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ’ ಎನ್ನುವವರು ಹತ್ತು ನಿಮಿಷ ಸುಮ್ಮನೆ ಕೋಣೆಯಲ್ಲಿ ಕೂತು, ಮೊದಲೇ ಬರೆದಿಟ್ಟ ಊಹೆಯನ್ನು ನಡೆದದ್ದರ ಜೊತೆ ಹೋಲಿಸುತ್ತಾರೆ. ಬಿಟ್ಟಿದ್ದ ಮದುವೆ, ಸಭೆ, ಸಿನಿಮಾಗಳಿಗೆ ಹಂತಹಂತವಾಗಿ ಮರಳುತ್ತಾರೆ. ಇದರ ಜೊತೆಗೆ ಸ್ನಾಯುಗಳನ್ನು ಸಡಿಲಿಸುವ ಅಭ್ಯಾಸ, ಗಮನವನ್ನು ಬೇರೆಡೆಗೆ ಹೊರಳಿಸುವ ಅಭ್ಯಾಸ, ನಿದ್ದೆಯ ಶಿಸ್ತು.

ಕಾಕ್ರೇನ್ ಸಂಸ್ಥೆಯ 2020ರ ಪರಾಮರ್ಶೆ 28 ಪ್ರಯೋಗಗಳನ್ನು, 2,733 ರೋಗಿಗಳನ್ನು ಒಳಗೊಂಡಿತ್ತು. ಏನೂ ಚಿಕಿತ್ಸೆ ಇಲ್ಲದೆ ಸರದಿಯಲ್ಲಿ ಕಾದವರಿಗಿಂತ ಸಿಬಿಟಿ ಪಡೆದವರ ಅಂಕ, 100 ಅಂಕದ ಟಿನ್ನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿಯಲ್ಲಿ, ಸರಾಸರಿ 11ರಷ್ಟು ಕಡಿಮೆಯಿತ್ತು. ಶ್ರವಣತಜ್ಞರ ಆರೈಕೆ ಪಡೆದವರಿಗೆ ಹೋಲಿಸಿದಾಗ ಅಂತರ 5.65 ಅಂಕಕ್ಕೆ ಇಳಿಯಿತು. ಗೊತ್ತಾಗುವಷ್ಟು ಸುಧಾರಣೆಗೆ ಬೇಕಾದ 7 ಅಂಕಕ್ಕಿಂತ ಇದು ಕಡಿಮೆ ಎಂಬುದನ್ನು ಮರೆಮಾಚಬಾರದು. ಅಡ್ಡಪರಿಣಾಮಗಳು ಬಹಳ ವಿರಳ. ಖಿನ್ನತೆಯ ಮೇಲೂ ಸ್ವಲ್ಪ ಒಳ್ಳೆಯ ಪರಿಣಾಮ ಕಂಡಿತು. ಆರು ತಿಂಗಳು, ಒಂದು ವರ್ಷ ಕಳೆದ ಮೇಲೆ ಲಾಭ ಉಳಿಯುತ್ತದೆಯೇ ಎಂಬುದಕ್ಕೆ ಮಾತ್ರ ಆ ಪರಾಮರ್ಶೆಗೆ ಸಾಕಷ್ಟು ಪುರಾವೆ ಸಿಗಲಿಲ್ಲ.

ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬುವುದು ನೆದರ್‌ಲೆಂಡ್ಸಿನ ಪ್ರಯೋಗ. ರಿಲಾನಾ ಸೀಮಾ ಮತ್ತು ಸಂಗಡಿಗರು ಹುನ್ಸ್‌ಬ್ರೂಕ್ ಊರಿನ ಶ್ರವಣ ಕೇಂದ್ರದಲ್ಲಿ 492 ರೋಗಿಗಳನ್ನು ಎರಡು ಗುಂಪು ಮಾಡಿ ಒಂದು ವರ್ಷ ಹಿಂಬಾಲಿಸಿದರು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದಕ್ಕೆ ಹಂತಹಂತದ ಚಿಕಿತ್ಸೆ: ಮೊದಲು ಶ್ರವಣ ತಪಾಸಣೆ, ತಿಳಿವಳಿಕೆ, ಮನಶ್ಶಾಸ್ತ್ರಜ್ಞರ ಭೇಟಿ, ತೊಂದರೆ ಹೆಚ್ಚಿದ್ದವರಿಗೆ ಮಾತ್ರ ಗುಂಪಿನಲ್ಲಿ ತೀವ್ರ ಸಿಬಿಟಿ. ಯಾವ ಗುಂಪಿನಲ್ಲಿದ್ದೇವೆ ಎಂಬುದು ರೋಗಿಗಳಿಗೆ ಗೊತ್ತಾಗದಂತೆ ನೋಡಿಕೊಂಡಿದ್ದರು, ಮನೋಚಿಕಿತ್ಸೆಯ ಪ್ರಯೋಗಗಳಲ್ಲಿ ಇದು ಅಪರೂಪ. 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹಂತದ ಚಿಕಿತ್ಸೆ ಪಡೆದವರ ಜೀವನದ ಗುಣಮಟ್ಟ ಹೆಚ್ಚು ಸುಧಾರಿಸಿತ್ತು, ಮೊರೆತದ ತೀವ್ರತೆ ಹೆಚ್ಚು ಇಳಿದಿತ್ತು. ಆರಂಭದಲ್ಲಿ ತೊಂದರೆ ಕಡಿಮೆಯಿದ್ದವರಿಗೂ ಹೆಚ್ಚಿದ್ದವರಿಗೂ ಲಾಭವಾಗಿತ್ತು. ಈ ಕ್ಷೇತ್ರದಲ್ಲಿ ಒಂದೇ ಪ್ರಯೋಗವನ್ನು ಓದಬೇಕೆಂದಿದ್ದರೆ ಇದನ್ನೇ ಓದಬೇಕು. ಒಂದು ಎಚ್ಚರಿಕೆ: ಆ ಚಿಕಿತ್ಸೆಯಲ್ಲಿ ಮುಂದೆ ಹೇಳುವ ಮರುತರಬೇತಿ ಚಿಕಿತ್ಸೆಯ ಅಂಶಗಳೂ ಬೆರೆತಿದ್ದವು, ಹಾಗಾಗಿ ಇಡೀ ಕೀರ್ತಿ ಸಿಬಿಟಿ ಒಂದಕ್ಕೇ ಸಲ್ಲುವುದಿಲ್ಲ.

ಸ್ವೀಕಾರ ಮತ್ತು ಬದ್ಧತೆಯ ಚಿಕಿತ್ಸೆ

ಎಸಿಟಿ ಎಂಬ ಈ ವಿಧಾನ ಸಿಬಿಟಿಯ ಕುಟುಂಬದಲ್ಲೇ ಹುಟ್ಟಿದ್ದು, ಆದರೆ ಒಂದು ಮುಖ್ಯ ವಿಷಯದಲ್ಲಿ ಭಿನ್ನ. ಯೋಚನೆ ಸರಿಯೋ ತಪ್ಪೋ ಎಂಬ ವಾದಕ್ಕೆ ಇದು ಇಳಿಯುವುದಿಲ್ಲ. ‘ಈ ಸದ್ದು ಹೋಗುವ ತನಕ ನಾನು ಬದುಕುವುದು ಹೇಗೆ’ ಎಂಬ ಯೋಚನೆ ಬಂದರೆ, ಅದು ಬಂದಿದೆ ಎಂದು ಗುರುತಿಸಿ, ಅದನ್ನು ಓಡಿಸಲು ಹೋಗದೆ, ತನಗೆ ಬೆಲೆಯುಳ್ಳ ಕೆಲಸದ ಕಡೆ ಹೆಜ್ಜೆಯಿಡುವುದನ್ನು ಕಲಿಸುತ್ತದೆ. ಮೊಮ್ಮಗುವಿಗೆ ಕತೆ ಹೇಳುವುದು ಮುಖ್ಯವಾದರೆ ಮೊರೆತ ಇದ್ದಾಗಲೇ ಹೇಳುವುದು. ಸದ್ದಿನೊಡನೆ ವರ್ಷಗಟ್ಟಲೆ ಹೋರಾಡಿ ದಣಿದವರಿಗೆ ಇದು ಹೆಚ್ಚು ಒಗ್ಗಬಹುದು ಎಂಬುದು ಈ ಲೇಖಕರ ಅನಿಸಿಕೆ.

ವೆಂಡೆಲಾ ವೆಸ್ಟಿನ್ ಮತ್ತು ಜೊತೆಗಾರರು ಸ್ವೀಡನ್ನಿನಲ್ಲಿ 64 ಜನರ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗ ಎಸಿಟಿಯನ್ನು ಮರುತರಬೇತಿ ಚಿಕಿತ್ಸೆಯ ಎದುರು ನಿಲ್ಲಿಸಿತು. ಆರು ತಿಂಗಳ ನಂತರ ಎಸಿಟಿ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಖಚಿತವಾಗಿ ಸುಧಾರಿಸಿದ್ದರು. ಮರುತರಬೇತಿ ಪಡೆದವರಲ್ಲಿ ಐದರಲ್ಲೊಬ್ಬರು. ಆದರೆ ಎಸಿಟಿಯವರಿಗೆ ಒಂದೊಂದು ಗಂಟೆಯ ಹತ್ತು ಭೇಟಿಗಳು ಸಿಕ್ಕಿದ್ದವು, ಮರುತರಬೇತಿಯವರಿಗೆ ಒಂದು ದೀರ್ಘ ಭೇಟಿ, ಒಂದು ಸಣ್ಣ ಭೇಟಿ, ಮತ್ತು ದಿನಕ್ಕೆ ಎಂಟು ಗಂಟೆ ಹಾಕಿಕೊಳ್ಳಲು ಧ್ವನಿಯಂತ್ರ. ಚಿಕಿತ್ಸಕರ ಜೊತೆ ಕಳೆದ ಹೊತ್ತೇ ಔಷಧಿಯಾಗಿರಬಹುದಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಮರುವರ್ಷ ಹ್ಯೂಗೊ ಹೆಸ್ಸರ್ ತಂಡ 99 ಜನರಲ್ಲಿ ಕೆಲವರಿಗೆ ಇಂಟರ್ನೆಟ್ ಮೂಲಕ ಎಸಿಟಿಯನ್ನೂ ಕೆಲವರಿಗೆ ಸಿಬಿಟಿಯನ್ನೂ ಕೊಟ್ಟು, ಉಳಿದವರನ್ನು ಹೋಲಿಕೆಯ ಗುಂಪಾಗಿಟ್ಟು ನೋಡಿದಾಗ, ಎರಡೂ ಚಿಕಿತ್ಸೆಗಳು ಹೋಲಿಕೆಯ ಗುಂಪಿಗಿಂತ ಚೆನ್ನಾಗಿದ್ದವು. ಅವುಗಳ ನಡುವೆ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ.

ಸಾವಧಾನ ಧ್ಯಾನ ಆಧಾರಿತ ಚಿಕಿತ್ಸೆ

ಮೈಂಡ್‌ಫುಲ್‌ನೆಸ್ ಎಂಬ ಹೆಸರಿನಲ್ಲಿ ಪಶ್ಚಿಮದ ಆಸ್ಪತ್ರೆಗಳಿಗೆ ಹೋದದ್ದು ಬೌದ್ಧ ಧ್ಯಾನದ ಅಭ್ಯಾಸ. 1979ರಲ್ಲಿ ಜಾನ್ ಕಬಟ್-ಜಿನ್ ಮ್ಯಾಸಚೂಸೆಟ್ಸ್‌ನಲ್ಲಿ ಅದನ್ನು ದೀರ್ಘಕಾಲದ ನೋವಿನ ರೋಗಿಗಳಿಗೆ ಕಲಿಸಲು ಶುರುಮಾಡಿದರು. ಮುಂದೆ ಅದು ಸಿಬಿಟಿಯೊಡನೆ ಬೆರೆಯಿತು. ಲಂಡನ್ನಿನ ಮೆಕೆನ್ನಾ ತಂಡ 75 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಧ್ಯಾನ ಆಧಾರಿತ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ತೀವ್ರವಾದ ವಿಶ್ರಾಂತಿ ತರಬೇತಿಯನ್ನೂ ಕೊಟ್ಟಿತು. ಎರಡಕ್ಕೂ ವಾರಕ್ಕೊಂದರಂತೆ ಎರಡು ಗಂಟೆಯ ಎಂಟು ಭೇಟಿಗಳು. 2017ರ ವರದಿಯಂತೆ ಎರಡೂ ಗುಂಪಿನವರ ಸಂಕಟ ತಗ್ಗಿತು. ಧ್ಯಾನದ ಗುಂಪಿನಲ್ಲಿ ಹೆಚ್ಚು ತಗ್ಗಿತು ಮತ್ತು ಆರು ತಿಂಗಳ ನಂತರವೂ ಆ ಅಂತರ ಉಳಿದಿತ್ತು. ಭೇಟಿಯ ಹೊತ್ತು ಸಮವಾಗಿದ್ದುದರಿಂದ ಈ ಹೋಲಿಕೆ ಹೆಚ್ಚು ನ್ಯಾಯವಾದದ್ದು.

ಧ್ಯಾನ ಎಂದಾಕ್ಷಣ ಮೊರೆತವನ್ನು ಮರೆಯಲು ಉಸಿರಿನ ಮೇಲೆ ಮನಸ್ಸಿಡುವುದು ಎಂದು ನಮ್ಮಲ್ಲಿ ಅನೇಕರು ತಿಳಿಯುತ್ತಾರೆ. ಇಲ್ಲಿ ನಡೆಯುವುದು ಬಹುಮಟ್ಟಿಗೆ ತಿರುವುಮುರುವು. ತಪ್ಪಿಸಿಕೊಳ್ಳುತ್ತಿದ್ದ ಸದ್ದಿನ ಕಡೆಗೇ ನಿಧಾನವಾಗಿ ಗಮನ ತಿರುಗಿಸಿ, ಅದು ಏರುವುದನ್ನೂ ಇಳಿಯುವುದನ್ನೂ ಒಳ್ಳೆಯದು ಕೆಟ್ಟದ್ದು ಎನ್ನದೆ ನೋಡುವುದು. ಮೊದಲ ವಾರಗಳಲ್ಲಿ ಕೆಲವರಿಗೆ ಇದರಿಂದ ಕಿರಿಕಿರಿಯೇ ಹೆಚ್ಚುತ್ತದೆ. ಪುಸ್ತಕ ನೋಡಿ ಒಬ್ಬರೇ ಶುರುಮಾಡಿದವರು ಅಲ್ಲಿಗೇ ಬಿಟ್ಟುಬಿಡಬಹುದು; ಕಲಿಸುವವರು ಜೊತೆಗಿರಬೇಕಾದದ್ದು ಅದಕ್ಕೇ.

ಮರುತರಬೇತಿ ಚಿಕಿತ್ಸೆ

ಜಾಸ್ಟ್ರೆಬಾಫ್ ಮತ್ತು ಬ್ರಿಟಿಷ್ ವೈದ್ಯ ಜೊನಾಥನ್ ಹೇಜ಼ಲ್ 1993ರಲ್ಲಿ ಮುಂದಿಟ್ಟ ಮರುತರಬೇತಿ ಅಥವಾ ಟಿಆರ್‌ಟಿ ಚಿಕಿತ್ಸೆಯನ್ನು ಕಟ್ಟುನಿಟ್ಟಾಗಿ ಮನೋಚಿಕಿತ್ಸೆ ಎನ್ನಲಾಗದು. ಅದರಲ್ಲಿ ಎರಡು ಭಾಗ: ಮೊರೆತ ಅಪಾಯವಲ್ಲವೆಂದು ಮನಗಾಣಿಸುವ ಸಮಾಲೋಚನೆ, ಮತ್ತು ಕಿವಿಯಲ್ಲಿ ಧರಿಸುವ ಯಂತ್ರದಿಂದ ದಿನವಿಡೀ ಮೆಲುವಾದ ಹಿನ್ನೆಲೆ ಸದ್ದು. ಅವಧಿ ಒಂದರಿಂದ ಒಂದೂವರೆ ವರ್ಷ. ಲೋಕದ ಅನೇಕ ಕಿವಿ ಚಿಕಿತ್ಸಾಲಯಗಳಲ್ಲಿ ಇದಕ್ಕೆ ದೊಡ್ಡ ಹೆಸರಿದೆ.

2019ರಲ್ಲಿ ಪ್ರಕಟವಾದ ಅಮೆರಿಕದ ಸೇನಾ ಆಸ್ಪತ್ರೆಗಳ ಪ್ರಯೋಗ ಆ ಹೆಸರನ್ನು ಪರೀಕ್ಷೆಗೊಡ್ಡಿತು. 151 ಜನರಲ್ಲಿ ಒಂದು ಗುಂಪಿಗೆ ಪೂರ್ಣ ಟಿಆರ್‌ಟಿ, ಇನ್ನೊಂದಕ್ಕೆ ಸಮಾಲೋಚನೆ ಹಾಗೂ ನಿಜವಾಗಿ ಕೆಲಸ ಮಾಡದ ಹುಸಿಯಂತ್ರ, ಮೂರನೆಯದಕ್ಕೆ ಸಾಮಾನ್ಯ ಆರೈಕೆ. 18 ತಿಂಗಳ ನಂತರ ಮೂರೂ ಗುಂಪುಗಳಲ್ಲಿ ಸುಮಾರು ಅರ್ಧದಷ್ಟು ಜನ ಸುಧಾರಿಸಿದ್ದರು. ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಟಿಆರ್‌ಟಿ ನಿಷ್ಪ್ರಯೋಜಕ ಎಂದು ಇದರಿಂದ ತೀರ್ಮಾನಿಸುವುದು ಸರಿಯಲ್ಲ, ಅಲ್ಲಿನ ಸಾಮಾನ್ಯ ಆರೈಕೆಯೂ ಕಾಳಜಿಯಿಂದ ಕೂಡಿದ್ದಾಗಿತ್ತು. ಆದರೆ ದುಬಾರಿ ಯಂತ್ರ ಕೊಳ್ಳಲು ಸಾಲ ಮಾಡಬೇಕಾದ ಕುಟುಂಬಕ್ಕೆ ಈ ಫಲಿತಾಂಶವನ್ನು ತಿಳಿಸದಿರುವುದು ಅನ್ಯಾಯ.

ಇತರ ವಿಧಾನಗಳು

ಬರೀ ವಿಶ್ರಾಂತಿ ತರಬೇತಿಯಿಂದ ಲಾಭವಿದೆ, ಮೇಲಿನ ಲಂಡನ್ ಪ್ರಯೋಗವೇ ಅದಕ್ಕೆ ಸಾಕ್ಷಿ. ಸ್ನಾಯುಬಿಗಿತವನ್ನು ಪರದೆಯ ಮೇಲೆ ತೋರಿಸಿ ಸಡಿಲಿಸಲು ಕಲಿಸುವ ಬಯೋಫೀಡ್‌ಬ್ಯಾಕನ್ನು ಜರ್ಮನಿಯಲ್ಲಿ ಸಿಬಿಟಿಯೊಡನೆ ಸೇರಿಸಿ 130 ಜನರ ಮೇಲೆ ಪರೀಕ್ಷಿಸಿದಾಗ ಒಳ್ಳೆಯ ಫಲ ಬಂತು. ಫಲ ಯಾವುದರದ್ದು ಎಂದು ಬಿಡಿಸುವುದು ಕಷ್ಟ. ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್ ಚಿಕಿತ್ಸೆಯನ್ನು ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ಟಿಆರ್‌ಟಿ ಜೊತೆ ಕೊಟ್ಟು ಸಿಬಿಟಿಗೆ ಹೋಲಿಸಲಾಯಿತು. ಅದು ಸಿಬಿಟಿಯನ್ನು ಮೀರಿಸಲಿಲ್ಲ. ಸಂಮೋಹನಕ್ಕೆ ನಂಬುವಂಥ ಪುರಾವೆ ಇಲ್ಲ.

ನಿದ್ರಾಹೀನತೆಗೆ ರೂಪಿಸಿದ ಸಿಬಿಟಿಯ ಮಾತು ಬೇರೆ. ಮೊರೆತದಿಂದ ನಿದ್ದೆಗೆಟ್ಟ 102 ಜನರ ಮೇಲೆ ಲಂಡನ್ನಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದನ್ನು ಪಡೆದವರಲ್ಲಿ ಶೇ. 80ಕ್ಕೂ ಹೆಚ್ಚು ಜನರ ನಿದ್ದೆ ಗಣನೀಯವಾಗಿ ಸುಧಾರಿಸಿತು, ಶ್ರವಣತಜ್ಞರ ಆರೈಕೆ ಪಡೆದವರಲ್ಲಿ ಅದು ಶೇ. 47. ರಾತ್ರಿಯೇ ತಮ್ಮ ನರಕ ಎನ್ನುವ ರೋಗಿಗಳಿಗೆ ಮೊದಲು ಇದನ್ನು ಕೊಡುವುದು ಉಚಿತವೆಂದು ತೋರುತ್ತದೆ.

ಇಂಟರ್ನೆಟ್ ಮೂಲಕ

ಪರಿಣತ ಚಿಕಿತ್ಸಕರು ಎಲ್ಲ ದೇಶಗಳಲ್ಲೂ ಕಡಿಮೆ. ಸ್ವೀಡನ್ನಿನ ಗೆರ್ಹಾರ್ಡ್ ಆಂಡರ್ಸನ್ 2002ರಲ್ಲೇ ಸಿಬಿಟಿಯನ್ನು ಇಂಟರ್ನೆಟ್ ಪಾಠಗಳಾಗಿ ಕೊಟ್ಟು ಪರೀಕ್ಷಿಸಿದರು. ಲಾಭ ಕಂಡಿತು, ನಡುವೆ ಬಿಟ್ಟುಹೋದವರೂ ಬಹಳ. 2008ರಲ್ಲಿ 51 ಜನರ ಮೇಲೆ ನಡೆದ ಹೋಲಿಕೆಯಲ್ಲಿ ಇಂಟರ್ನೆಟ್ ಸಿಬಿಟಿಗೂ ಗುಂಪು ಸಿಬಿಟಿಗೂ ಫಲದಲ್ಲಿ ವ್ಯತ್ಯಾಸ ಸಿಗಲಿಲ್ಲ. ಎಲ್ಡ್ರೆ ಬ್ಯೂಕ್ಸ್, ಆಂಡರ್ಸನ್, ವಿನಯ ಮಂಚಯ್ಯ ಮತ್ತಿತರರು ಬ್ರಿಟನ್ನಿನ ಮೂರು ಆಸ್ಪತ್ರೆಗಳಲ್ಲಿ 92 ರೋಗಿಗಳನ್ನು ಅಧ್ಯಯನ ಮಾಡಿ, ಶ್ರವಣತಜ್ಞರ ಮಾರ್ಗದರ್ಶನದ ಇಂಟರ್ನೆಟ್ ಸಿಬಿಟಿ ಮುಖಾಮುಖಿ ಆರೈಕೆಗಿಂತ ಕಡಿಮೆಯಲ್ಲ ಎಂದು 2018ರಲ್ಲಿ ವರದಿ ಮಾಡಿದರು. ನೈಸ್ ಮಾರ್ಗಸೂಚಿ ಸೂಚಿಸುವ ಕ್ರಮವೂ ಇದಕ್ಕೆ ಹೊಂದುತ್ತದೆ: ಮೊದಲು ಡಿಜಿಟಲ್ ಸಿಬಿಟಿ, ಸಾಲದಿದ್ದರೆ ಗುಂಪಿನಲ್ಲಿ ಧ್ಯಾನ ಆಧಾರಿತ ಚಿಕಿತ್ಸೆ, ಎಸಿಟಿ ಅಥವಾ ಸಿಬಿಟಿ, ಕೊನೆಗೆ ಒಬ್ಬೊಬ್ಬರಿಗೇ ಸಿಬಿಟಿ.

ಹೋಲಿಕೆಯ ತೊಡಕುಗಳು

ಇಷ್ಟೆಲ್ಲ ಪ್ರಯೋಗಗಳ ನಂತರ ಯಾವುದು ಶ್ರೇಷ್ಠ ಎಂದು ಕೇಳಿದರೆ ಪುರಾವೆ ಇಷ್ಟನ್ನು ಹೇಳುತ್ತದೆ: ಯಾವುದನ್ನಾದರೂ ಪಡೆಯುವುದಕ್ಕೂ ಏನನ್ನೂ ಪಡೆಯದಿರುವುದಕ್ಕೂ ನಡುವಿನ ಅಂತರ ದೊಡ್ಡದು, ಸಿಬಿಟಿ, ಎಸಿಟಿ, ಧ್ಯಾನಗಳ ನಡುವಿನ ಅಂತರ ಚಿಕ್ಕದು ಅಥವಾ ಇಲ್ಲವೇ ಇಲ್ಲ. ಸಿಬಿಟಿ ಮುಂದಿರುವುದು ಮುಖ್ಯವಾಗಿ ಅದರ ಮೇಲೆ ಹೆಚ್ಚು ಜನ, ಹೆಚ್ಚು ವರ್ಷ ಕೆಲಸ ಮಾಡಿರುವುದರಿಂದ.

ಸರದಿಯಲ್ಲಿ ಕಾಯುವವರಿಗೆ ಹೋಲಿಸಿದರೆ ಯಾವ ಚಿಕಿತ್ಸೆಯೂ ಚೆನ್ನಾಗಿಯೇ ಕಾಣುತ್ತದೆ. ಕಾಯುವವರಲ್ಲಿ ನಿರಾಸೆಯಿರುತ್ತದೆ, ಚಿಕಿತ್ಸೆ ಪಡೆಯುವವರಲ್ಲಿ ನಿರೀಕ್ಷೆ. ಒಂದು ಚಿಕಿತ್ಸೆಯನ್ನು ರೂಪಿಸಿದವರೇ ಅದನ್ನು ಪರೀಕ್ಷಿಸಿದಾಗ ತಿಳಿಯದಂತೆ ತಕ್ಕಡಿ ವಾಲಬಹುದು. ಪ್ರಯೋಗಗಳು ಚಿಕ್ಕವು, ಅಳತೆಗಳು ಬೇರೆಬೇರೆ. ಇನ್ನೊಂದು ಸಂಗತಿ ಓದುಗರು ಗಮನಿಸಬೇಕು: ಇಲ್ಲಿ ಹೆಸರಿಸಿದ ಪ್ರಯೋಗಗಳೆಲ್ಲ ಯುರೋಪ್ ಮತ್ತು ಅಮೆರಿಕದವು.

ಯುರೋಪಿನ ಯುನಿಟಿ ಎಂಬ ಯೋಜನೆ ಐದು ಚಿಕಿತ್ಸಾ ಕೇಂದ್ರಗಳ 461 ರೋಗಿಗಳಲ್ಲಿ ಸಿಬಿಟಿ, ಶ್ರವಣಸಾಧನ, ಸಮಾಲೋಚನೆ, ಧ್ವನಿಚಿಕಿತ್ಸೆ ಇವುಗಳನ್ನು ಒಂದೊಂದಾಗಿಯೂ ಎರಡೆರಡಾಗಿಯೂ 12 ವಾರ ಕೊಟ್ಟು ನೋಡಿತು. ಟಿನ್ನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿಯಲ್ಲಿ ಒಂದೇ ಚಿಕಿತ್ಸೆ ಪಡೆದವರ ಅಂಕ 11.7ರಷ್ಟು, ಎರಡು ಪಡೆದವರ ಅಂಕ 14.9ರಷ್ಟು ಇಳಿಯಿತು. ಜೋಡಿಸಿದಾಗ ಎರಡೂ ಪರಸ್ಪರ ಬಲ ಹೆಚ್ಚಿಸಿದವು ಎನ್ನಲು ಆಧಾರ ಸಿಗಲಿಲ್ಲ. ದುರ್ಬಲ ಚಿಕಿತ್ಸೆಯ ಕೊರತೆಯನ್ನು ಪ್ರಬಲವಾದದ್ದು ತುಂಬಿತು. ಒಂಟಿಯಾಗಿಯೇ ಹೆಚ್ಚು ಕೆಲಸ ಮಾಡಿದವು ಸಿಬಿಟಿ ಮತ್ತು ಶ್ರವಣಸಾಧನ.

ಕರ್ನಾಟಕದ ಸ್ಥಿತಿ

ಈ ಕೆಲಸಕ್ಕೆ ಬೇಕಾದ ಎರಡು ವಿದ್ಯೆಗಳ ದೊಡ್ಡ ಸಂಸ್ಥೆಗಳು ಕರ್ನಾಟಕದಲ್ಲೇ ಇವೆ: 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮತ್ತು ಮನಶ್ಶಾಸ್ತ್ರಜ್ಞರನ್ನು ದಶಕಗಳಿಂದ ತರಬೇತುಗೊಳಿಸುತ್ತಿರುವ ಬೆಂಗಳೂರಿನ ನಿಮ್ಹಾನ್ಸ್. ಮಣಿಪಾಲ, ಮಂಗಳೂರುಗಳಲ್ಲೂ ಶ್ರವಣವಿಜ್ಞಾನ ವಿಭಾಗಗಳಿವೆ. ತೊಡಕಿರುವುದು ಈ ಎರಡು ವಿದ್ಯೆಗಳ ನಡುವಿನ ದಾರಿಯಲ್ಲಿ. ಹಾವೇರಿಯ ಗಿರಣಿ ಕಾರ್ಮಿಕನೊಬ್ಬ ಕಿವಿಯ ವೈದ್ಯರ ಬಳಿಗೆ ಬರುತ್ತಾನೆ, ಅಲ್ಲಿಂದ ಶ್ರವಣತಜ್ಞರ ತನಕ ಹೋಗುತ್ತಾನೆ. ಕನ್ನಡದಲ್ಲಿ ಸಿಬಿಟಿ ನಡೆಸಬಲ್ಲ, ಮೊರೆತದ ಬಗ್ಗೆಯೂ ತಿಳಿದ ಮನಶ್ಶಾಸ್ತ್ರಜ್ಞರು ಅವನ ಕೈಗೆಟುಕುವ ದೂರದಲ್ಲಿ ಸಿಗುವುದು ಕಷ್ಟ. ಮನೋವೈದ್ಯರ ಬಳಿ ಹೋದರೆ ಊರವರು ಏನೆನ್ನುತ್ತಾರೋ ಎಂಬ ಅಳುಕೂ ಇದೆ. ಮೊರೆತದ ಸಂಕಟ ಕೆಲವರನ್ನು ಸಾವಿನ ಯೋಚನೆಯ ಅಂಚಿಗೆ ತಳ್ಳುತ್ತದೆ. ಅಂಥವರಿಗೂ ಅವರ ಮನೆಯವರಿಗೂ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿ ಕನ್ನಡದಲ್ಲಿ ಸಿಗುತ್ತದೆ.

ಶ್ರವಣತಜ್ಞರಿಗೇ ಸಿಬಿಟಿಯ ಮೂಲಭಾಗಗಳನ್ನು ಕಲಿಸುವುದು ಒಂದು ದಾರಿ. ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನಲ್ಲಿ ಹಶೀರ್ ಆಜ಼್ ಹಾಗೆ ಶ್ರವಣತಜ್ಞರ ಮೂಲಕ ಸಿಬಿಟಿ ಕೊಡುವ ಸೇವೆಯನ್ನು ಕಟ್ಟಿದ್ದಾರೆ, ಬ್ಯೂಕ್ಸ್ ತಂಡದ ಇಂಟರ್ನೆಟ್ ಪಾಠಗಳಿಗೂ ಬೆಂಬಲ ಕೊಟ್ಟವರು ಶ್ರವಣತಜ್ಞರೇ. ಖಿನ್ನತೆ, ಆತ್ಮಹತ್ಯೆಯ ಯೋಚನೆ, ಹಳೆಯ ಆಘಾತ ಇರುವವರನ್ನು ಗುರುತಿಸಿ ಮನೋವೈದ್ಯರಿಗೆ ಒಪ್ಪಿಸುವ ಏರ್ಪಾಡು ಅದರೊಡನೆ ಇರಲೇಬೇಕು. ಕನ್ನಡದ ಪ್ರಶ್ನಾವಳಿ ಈಗಾಗಲೇ ಇರುವುದರಿಂದ ಯಾರಿಗೆ ಎಷ್ಟು ಸಂಕಟವಿದೆ ಎಂದು ಜಿಲ್ಲಾ ಆಸ್ಪತ್ರೆಯ ಮಟ್ಟದಲ್ಲೇ ಅಳೆಯಬಹುದು. ಓದು ಬಾರದವರಿಗೆ ಅದರ 25 ಪ್ರಶ್ನೆಗಳನ್ನು ಶ್ರವಣತಜ್ಞರು ಎದುರಿಗೆ ಕೂತು ಓದಿ ಹೇಳಿ, ಉತ್ತರ ಗುರುತಿಸಿಕೊಳ್ಳಬಹುದು.